ಲಕೋಟೆಯ ಹಿಂದೆ ಬರೆದ ಹೊತ್ತು

ಇದು ನಾಲ್ಕನೆಯ ಸಲ.
ಬಾಗಿಲು ತೆಗೆದ ಹೆವಿನ್ ಪ್ರಿಚರ್ಡ್
ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
ಕೋಟಿನ ಮೇಲೊಂದು ಕೋಟು ತೊಟ್ಟು ನಿಂತವನು
"ಬಾ ಮೆರೆರಿದ್, ನಿನ್ನ ಕೂಸು ಮತ್ತೆ ಮುನಿಸಿಕೊಂಡಿದೆ" ಅಂದ.

ಅಡುಗೆಮನೆಯ ಗೋಡೆಗೆ ನಾನೇ ತೂಗುಹಾಕಿದ ಬಿಳಿ ಪೆಟ್ಟಿಗೆ.
ಹದಿನೆಂಟು ದಿನದ ಬಾಯ್ಲರು,
ಮೈಮೇಲಿನ ಪ್ಲಾಸ್ಟಿಕ್ ಹಾಳೆ ಕೂಡ ಪೂರ್ತಿ ಸುಲಿದಿಲ್ಲ.
ಪುಟ್ಟ ಪರದೆಯಲ್ಲಿ ಇಪ್ಪತ್ತೆಂಟು
ಮಿಣುಕುತ್ತದೆ, ಆರುತ್ತದೆ, ಮಿಣುಕುತ್ತದೆ.
ಬೆಂಕಿ ಹತ್ತಲಿಲ್ಲ ಎಂದು ಅದರರ್ಥ.
ಯಾಕೆ ಹತ್ತಲಿಲ್ಲವೋ ಅದಕ್ಕೂ ಗೊತ್ತಿಲ್ಲ.

ಮೊದಲ ಸಲ ತಪ್ಪನ್ನು ಗ್ಯಾಸಿನ ತಲೆಗೆ ಕಟ್ಟಿದೆ:
ಬೀದಿಯ ಕೊನೆಯ ಮನೆ, ಒತ್ತಡ ಸಾಲದು.
ಅಳೆದೆ. ಬೇಕಾದಷ್ಟಿತ್ತು.
ಎರಡನೆಯ ಸಲ ಕಿಡಿ ಹಾರಿಸುವ ಕಡ್ಡಿ ಬದಲಿಸಿದೆ.
ಮೂರನೆಯ ಸಲ ಗಾಳಿಯನ್ನು ಹಿಡಿದೆ:
ಉತ್ತರ ವೇಲ್ಸಿನ ಈ ಕಲ್ಲುಗಣಿಯೂರಿನ ಗಾಳಿ
ಸ್ಲೇಟಿನ ಗುಡ್ಡೆಗಳ ಸಂದಿಯಿಂದ ನುಗ್ಗಿ
ನೇರ ಹೊಗೆಕೊಳವೆಯ ಬಾಯಿಗೇ ಊದುತ್ತದೆ,
ಕಂಪನಿಯವರಾದರೂ ಏನು ಮಾಡಿಯಾರು?
ಹೆವಿನ್ ತಲೆಯಾಡಿಸಿದ.
ಅವನಪ್ಪನೂ ಆ ಗಾಳಿಯನ್ನೇ ದೂರುತ್ತಿದ್ದನಂತೆ
ಎಲ್ಲದಕ್ಕೂ, ಹಲ್ಲುನೋವಿಗೂ.

ಇವತ್ತು ಮೇಜಿನ ಮೇಲೆ
ಕರೆಂಟು ಬಿಲ್ಲಿನ ಲಕೋಟೆಯೊಂದನ್ನು ಬೋರಲು ಹಾಕಿದ.
ಪೆನ್ಸಿಲಿನಲ್ಲಿ, ಶಾಲೆಯ ಬಸ್ಸು ಓಡಿಸುವವನ ದುಂಡು ಅಕ್ಷರ:

ಸೋಮವಾರ. ಹಚ್ಚಿದ್ದು ನಾಲ್ಕಕ್ಕೆ. ನಿಂತದ್ದು ಐದೂ ನಲವತ್ತು.
ಸೋಮವಾರ ರಾತ್ರಿ ಒಂಬತ್ತೂ ಕಾಲು. ನಿಂತಿತು. ಹೊರಗೆ ನರಿ.
ಮಂಗಳವಾರ. ಸ್ನಾನಕ್ಕೆ ಮಾತ್ರ. ನಿಲ್ಲಲಿಲ್ಲ.
ಬುಧವಾರ ಹತ್ತೂ ಐದು. ಮೊದಲು ಗುಳುಗುಳು, ಆಮೇಲೆ ನಿಂತಿತು.
ಗುರುವಾರ, ನಡುರಾತ್ರಿ ಎರಡೂವರೆ. ನಿದ್ದೆಯಿಲ್ಲ. ನಿಂತಿತು.
ನೆಸ್ತಾಳ ಶಾಲು ಸಿಕ್ಕಿತು. ನರಿ.

ನೆಸ್ತಾ ಯಾರೆಂದು ನಾನು ಕೇಳಲಿಲ್ಲ.
ಬುಧವಾರದ ಗುಳುಗುಳುವಿನ ಮೇಲೆ ಬೆರಳು ನಿಂತುಬಿಟ್ಟಿತ್ತು.
ಸ್ವಲ್ಪ ಉರಿದರೆ ನಿಲ್ಲುವುದಿಲ್ಲ. ಬಹಳ ಉರಿದರೆ ನಿಲ್ಲುತ್ತದೆ.
ಬಹಳ ಉರಿದರೆ ಬಹಳ ಬೆವರುತ್ತದೆ.
ಆ ಬೆವರು ಹೋಗಬೇಕಲ್ಲ, ಎಲ್ಲಿಗಾದರೂ.

ಹಿತ್ತಲಿಗೆ ಹೋದೆ. ಕಸದ ಡಬ್ಬಿಗಳ ಹಿಂದೆ
ಗೋಡೆ ತೂರಿ ಬಂದ ಪ್ಲಾಸ್ಟಿಕ್ ಕೊಳವೆ
ಚರಂಡಿಯ ಕಡೆ ಮಲಗಿತ್ತು.
ಮೇಲೆ ರಸಮಟ್ಟ ಇಟ್ಟೆ.
ಗುಳ್ಳೆ ಗೋಡೆಯ ಕಡೆ ಸರಿಯಬೇಕಿತ್ತು.
ಸರಿದದ್ದು ಚರಂಡಿಯ ಕಡೆ.

ಆ ಸಂಜೆ ನೆನಪಿದೆ. ನಾಲ್ಕಕ್ಕೇ ಕತ್ತಲು,
ಕೈಬೆರಳು ಕಡ್ಡಿಯಾಗಿ, ಇನ್ನೊಂದೇ ಕ್ಲಿಪ್ಪು.
ಮೊಳೆ ಕಲ್ಲನ್ನು ಕಚ್ಚಲಿಲ್ಲ.
ಒಂದು ಬೆರಳು ಮೇಲೆ ಹಳೆಯ ತೂತೊಂದಿತ್ತು, ಸಿದ್ಧವಾಗಿ.
ಒಂದು ಬೆರಳು, ಅಷ್ಟೇ ತಾನೇ, ಎಂದುಕೊಂಡೆ.
ನೀರಿಗೆ ಅಷ್ಟೇ ತಾನೇ ಎಂಬ ಮಾತು ತಿಳಿಯದು.

ಕುಣಿಯಲಾರದವಳು ನೆಲ ಡೊಂಕೆಂದಳಂತೆ.
ನಾನು ಬೆಟ್ಟದ ಗಾಳಿಯನ್ನೇ ಡೊಂಕೆಂದಿದ್ದೆ,
ಬಿಲ್ಲು ಬರೆದು, ಸಹಿ ಹಾಕಿ.

ಕೊಳವೆ ಕೊಯ್ದಾಗ ಸುರಿಯಿತು
ಒಂದು ಮಗ್ಗಿನಷ್ಟು, ಉಗುರುಬೆಚ್ಚಗೆ, ಹುಳಿವಾಸನೆಯ ನೀರು.

ಕ್ಲಿಪ್ಪು ಸಡಿಲಾಗಿತ್ತು ಅನ್ನಬಹುದಿತ್ತು.
ಮಾತು ತುಟಿಯವರೆಗೂ ಬಂದಿತ್ತು.
ಹೆವಿನ್ ಚಹಾ ಸೋಸುತ್ತಿದ್ದ, ಬೆನ್ನು ತಿರುಗಿಸಿ.
"ನಾನು ಹಾಕಿದ್ದೇ ಡೊಂಕು" ಅಂದೆ ಆ ಬೆನ್ನಿಗೆ.
ತುಸು ಹೊತ್ತು ಚಮಚದ ಸದ್ದು.
"ಹಾಗಾದರೆ ಗಾಳಿಯದೇನೂ ಇಲ್ಲ?"
ಕೇಳಿದ ದನಿಯಲ್ಲಿ
ಏನನ್ನೋ ಕಳಕೊಂಡವನ ಹಾಗಿದ್ದ.

ಎರಡು ಗಂಟೆ ಕೂತೆವು. ಉರಿಯಿತು. ಉರಿಯುತ್ತಲೇ ಇತ್ತು.
ರೇಡಿಯೇಟರುಗಳು ಟಕ್ ಟಕ್ ಎಂದು ಮೈಮುರಿದವು.
ಅವನು ಮೇಲಿನ ಕೋಟು ಬಿಚ್ಚಿದ, ಒಳಗಿನದನ್ನೂ,
ಲಕೋಟೆ ಎಳಕೊಂಡು ಬರೆದ:
ಶುಕ್ರವಾರ. ನರಿ ಇನ್ನೂ ಬಂದಿಲ್ಲ.

ವ್ಯಾನಿನಲ್ಲಿ, ರಸಮಟ್ಟ ತೊಡೆಯ ಮೇಲೆ.
ಈ ಚಳಿಗಾಲ ಕತ್ತಲಾದ ಮೇಲೆ ಕೆಲಸ ಮುಗಿಸಿದ ಮನೆಗಳನ್ನು
ಬೆರಳು ಮಡಿಚಿ ಎಣಿಸಿದೆ.
ಏಳು.
ಯಾರೂ ಇನ್ನೂ ಫೋನು ಮಾಡಿಲ್ಲ.