ಹುಲಿಯ ಅಳತೆ

ಗಂಡೋ ಹೆಣ್ಣೋ ಎಂದು ಕೇಳಿದ್ದು ಅಳತೆಗಾಗಿಯೇ.
ಎದೆಗೆ ಡಾರ್ಟ್ ಹಿಡಿಯಬೇಕೋ ಬೇಡವೋ
ಹೊಲಿಯುವವಳಿಗೆ ಗೊತ್ತಿರಬೇಕಲ್ಲ.
ನಾಗಭೂಷಣ ಮೇಷ್ಟ್ರು ನಕ್ಕರು:
‘ಹುಲಿ ಅಂದ್ರೆ ಹುಲಿ ಕಣಮ್ಮ ಜಾನಕಿ,
ಸಾಯೋಕೆ ಬರುತ್ತೆ, ಸಾಯುತ್ತೆ.
ಸಳನ ಕಚ್ಚೆಗೆ ಮಾತ್ರ ಜರಿ ಇರಲಿ.’

ಅಂಗಡಿ ಊರಿನ ಹೈಸ್ಕೂಲಿನಲ್ಲಿ
ಸಳ ಆಗಲು ಹನ್ನೊಂದು ಹುಡುಗರು, ಮುನಿಗೆ ಇಬ್ಬರು.
ಹುಲಿಗೆ ಯಾರೂ ಇಲ್ಲ.
ಕೊನೆಗೆ ಎಂಟನೇ ಕ್ಲಾಸಿನ ಸುಚೇತ,
ಕುಳ್ಳಿ, ಮಾತಿಗೆ ಮುಂಚೆ ಉಗುರು ಕಚ್ಚುವವಳು.

ಹಳದಿ ಪಾಪ್ಲಿನ್ನಿಗೆ ಕಪ್ಪು ರಿಬ್ಬನ್ನು ಕೂರಿಸುತ್ತ
ಅತ್ತೆ ಹೇಳಿದ್ದು ನೆನಪಾಯಿತು:
ಸಳನ ಎದೆಗಾರಿಕೆ ನೋಡಲು
ವಾಸಂತಿಕೆಯೇ ಹುಲಿಯಾಗಿ ಬಂದಳಂತೆ.
ಮುನಿ ‘ಹೊಯ್’ ಅಂದ. ಅವನು ಹೊಯ್ದ.
ಆಮೇಲೆ ರಾಜ್ಯ ಕೊಟ್ಟವಳೂ ಅವಳೇ ಅಂತೆ.
‘ಹಂಗಾದ್ರೆ ಪೆಟ್ಟು ಬಿದ್ದಿದ್ದು ಯಾರಿಗತ್ತೆ?’
ಅತ್ತೆ ಎಲೆ ಮಡಿಸಿ ಬಾಯಿಗಿಟ್ಟುಕೊಂಡಳು.
ನನ್ನ ಹುಬ್ಬಿನ ಮೇಲಿನ ಗಾಯ ಆಗಿನ್ನೂ ಹಸಿ.
ಅವತ್ತು ಬೆಳಗ್ಗೆಯೂ ಅಕ್ಕಿರೊಟ್ಟಿ ತಟ್ಟಿದವಳು ನಾನೇ.

ಬೇಲೂರಿಗೆ ಟೂರ್ ಹೋದಾಗ ಬಗ್ಗಿ ನೋಡಿದ್ದೇನೆ,
ಕಲ್ಲುಹುಲಿಯ ಹೊಟ್ಟೆಯಡಿ ಮೊಲೆ ಕೆತ್ತಿದ್ದಾರಾ ಅಂತ.
‘ಏನಮ್ಮಾ, ಏನಾದ್ರೂ ಬೀಳಿಸ್ಕೊಂಡ್ರಾ?’ ಅಂದ ಗೈಡು.
ಕಾಣಲಿಲ್ಲ.
ಸಳನ ಮೈಮೇಲಿನ ಸರ, ಬಳೆ, ಒಂದೊಂದು ಮಣಿಯನ್ನೂ
ಎಣಿಸಬಹುದಿತ್ತು.

ಅದಕ್ಕೇ ಡಾರ್ಟ್ ಹಿಡಿದೆ.
ಒಳಗೊಂದು ಜೇಬನ್ನೂ ಇಟ್ಟೆ, ದುಡ್ಡು ಕೇಳದೆ.

ನವೆಂಬರ್ ಒಂದು. ‘ಹೊಯ್ ಸಳ!’ ಮೈಕು ಕೀರಲಿತು.
ರಟ್ಟಿನ ಕತ್ತಿ ಹುಲಿಗೆ ತಾಗಿ ಮಡಚಿಕೊಂಡಿತು.
ಸುಚೇತ ಬೀಳಲಿಲ್ಲ.
ಪರದೆಯ ಮರೆಯಿಂದ ಮೇಷ್ಟ್ರು, ‘ಬೀಳೇ, ಬೀಳೇ!’
ಅವಳು ಒಂದು ಕಾಲಿನಿಂದ ಇನ್ನೊಂದನ್ನು ಕೆರೆದುಕೊಂಡಳು,
ಯೋಚಿಸಿದಳು,
ಜೇಬಿನಿಂದ ನೆಲ್ಲಿಕಾಯಿ ತೆಗೆದು ಕಚ್ಚಿದಳು.
ಹನ್ನೆರಡು ಪುಟದ ನಾಟಕದಲ್ಲಿ ಇನ್ನೂ ಹತ್ತು ಪುಟ ಬಾಕಿ,
ರಾಜ್ಯ ಕಟ್ಟುವುದು, ಪಟ್ಟ, ಲಾಂಛನ, ನಾಡಗೀತೆ.
ಸಳ ಪಾಪ, ಕತ್ತಿ ನೆಟ್ಟಗೆ ಮಾಡುತ್ತ ನಿಂತಿದ್ದ.

ಆಮೇಲೆ ಜಿಪ್ಪು ಸಿಕ್ಕಿಕೊಂಡಿತು.
ತಪ್ಪು ನನ್ನದೇ, ಮೂಡಿಗೆರೆ ಸಂತೆಯ ಹತ್ತು ರೂಪಾಯಿ ಜಿಪ್ಪು.
ಬಾಲ ಕಂಕುಳಿಗೆ ಒತ್ತಿಕೊಂಡು ಬಸ್ಸು ಹತ್ತಿದಳು,
ಹಿಂದೆ ನಾನು, ಕತ್ತರಿ ಹಿಡಿದು.
ಕಂಡಕ್ಟರ್ ಮೇಲಿಂದ ಕೆಳಗೆ ನೋಡಿದ:
‘ಇದು ಗಂಡೋ ಹೆಣ್ಣೋ?’
ಹುಲಿ ಹೊಟ್ಟೆಯೊಳಗೆ ಕೈಹಾಕಿ
ಆಧಾರ್ ಕಾರ್ಡು ತೆಗೆಯಿತು.
ಅವನು ಸೊನ್ನೆ ರೂಪಾಯಿ ಚೀಟಿ ಹರಿದುಕೊಟ್ಟ.

ಗೋಣಿಬೀಡು ಬರುವವರೆಗೂ ನಿಂತೇ ಇದ್ದಳು.
ಸೀಟು ಖಾಲಿ ಇತ್ತು.
ಕೂರಲು ಬಾಲ ಬಿಡುತ್ತಿರಲಿಲ್ಲ.