ಒಳಮಡಿಕೆ

ಮೇ ಕೊನೆಯ ವಾರ. ಹಾಸನದ ಸಂತೆಪೇಟೆಯ ನನ್ನ ಅಂಗಡಿಯಲ್ಲಿ
ಕಾಲಿಡಲು ಜಾಗವಿಲ್ಲ. ನೀಲಿ ಬಟ್ಟೆಯ ಥಾನು, ಸಾಲಾಗಿ ಮಕ್ಕಳು.
ನಾನು ಅಳತೆ ಕೂಗುತ್ತೇನೆ, ಗಿರಿಜಮ್ಮ ಬರೆದುಕೊಳ್ಳುತ್ತಾಳೆ.
ಎದೆ ಇಪ್ಪತ್ತಾರು. ಸೊಂಟ ಇಪ್ಪತ್ಮೂರು.
ಹದಿನಾಲ್ಕು ವರ್ಷ ಹೀಗೇ ಕೂಗಿದ್ದೇನೆ,
ಹರಾಜು ಕೂಗುವವರ ಹಾಗೆ.

ಆಮೇಲೆ ನನ್ನ ಮಗನ ಸರದಿ.
"ಬಾರೋ ಗುಂಡ" ಅಂದೆ.
"ಸೊಂಟ ಮೂವತ್ಮೂರು" ಅಂತ ಕೂಗಿದೆ.
ಸಾಲಿನಲ್ಲಿ ಯಾರೋ ಕಿಸಕ್ಕೆಂದರು.
ಟೇಪಿನೊಳಗೆ ಅವನು ಉಸಿರು ಎಳೆದುಕೊಂಡ,
ಬಿಡಲೇ ಇಲ್ಲ.
ಒಂಬತ್ತು ವರ್ಷದ ಹುಡುಗ
ತನ್ನನ್ನು ತಾನೇ ಒಳಗೆ ಮಡಿಸಿಕೊಳ್ಳುವುದು
ನನ್ನ ಎರಡು ಬೆರಳಿಗೆ ಮೊದಲು ತಿಳಿಯಿತು,
ನನಗೆ ಆಮೇಲೆ.

ಗುಂಡ ಎಂದು ಹೆಸರಿಟ್ಟವಳು ನಾನೇ.
ಎಂಟಕ್ಕೇ ಹುಟ್ಟಿದವನು, ಒಂದೂಮುಕ್ಕಾಲು ಕೆಜಿ,
ಗಾಜಿನ ಪೆಟ್ಟಿಗೆಯಲ್ಲಿ ಹತ್ತೊಂಬತ್ತು ದಿನ.
ಮೈಗೆ ಮಾಂಸ ಹತ್ತಲಿ ಎಂದು
ಅತ್ತೆ ಹರಕೆ ಹೊತ್ತರು, ನಾನು ಹೆಸರಿಟ್ಟೆ.
ಒಂದೊಂದು ತುತ್ತನ್ನೂ ಗೆದ್ದ ದಿನಗಳವು.
ಗೆದ್ದಾಯಿತು, ಇನ್ನು ಸಾಕು ಎಂದು
ಯಾರೂ ಬಂದು ಹೇಳಲಿಲ್ಲ.

ನಾಡಿಗೆಲ್ಲ ಬೇಕರಿಯವರನ್ನು ಹಂಚಿದ ಜಿಲ್ಲೆ ನಮ್ಮದು.
ರಾತ್ರಿ ಒಂಬತ್ತಕ್ಕೆ ಶಟರ್ ಎಳೆದು ಹೋಗುವಾಗ
ತಡವಾದ ತಪ್ಪಿಗೆ ಒಂದು ಹನಿ ಕೇಕು,
ಬೈದ ದಿನ ಎರಡು.
ಅವರಪ್ಪ ಲಾರಿ ಇಳಿದು ಬಂದರೆ
ವಾರದ ಪ್ರೀತಿಯೆಲ್ಲ ಒಂದೇ ಪೊಟ್ಟಣದಲ್ಲಿ,
ಎಣ್ಣೆ ಇಳಿದ ಕಾಗದ.
"ದೃಷ್ಟಿಯಾದೀತು, ಶರ್ಟು ಸಡಿಲ ಹೊಲಿ" ಅಂದರು ಅತ್ತೆ.
ಹೊಲಿದೆ. ನಾಲ್ಕು ವರ್ಷ ಹೊಲಿದೆ.
ಕಾಣದ ಹಾಗೆ ಹೊಲಿಯುವುದರಲ್ಲಿ
ಈ ಬೀದಿಯಲ್ಲಿ ನನ್ನ ಸಮ ಯಾರಿದ್ದಾರೆ?

ಅವತ್ತು ರಾತ್ರಿ ಗೋಡೆಗೆ ಮುಖ ಮಾಡಿ ಮಲಗಿ ಹೇಳಿದ:
ಕ್ರಿಕೆಟ್ಟಿನಲ್ಲಿ ದಿನಾ ಅಂಪೈರು.
ಶಾಲೆಯಲ್ಲೂ ಎಲ್ಲರೂ ಗುಂಡ ಅಂತಾರೆ.
"ನಮ್ಮನೆ ಹೆಸರು ಅವರಿಗೆ ಹೇಗೆ ಗೊತ್ತಾಯ್ತಮ್ಮ?"

ಜಿಲ್ಲಾಸ್ಪತ್ರೆಯ ಡಾಕ್ಟರಮ್ಮ ರಕ್ತ ನೋಡಿದರು, ನಿದ್ದೆ ಕೇಳಿದರು.
ನನಗೆ ಹೇಳುವ ಮೊದಲು ಅವನಿಗೇ ಹೇಳಿದರು:
"ಅವಸರದಲ್ಲಿ ಸಣ್ಣ ಆಗೋದೇನೂ ಬೇಡ, ಇಲ್ಲೇ ಸ್ವಲ್ಪ ನಿಲ್ಲು.
ನಿನ್ನ ಎತ್ತರ ಹಿಂದೆ ನಡ್ಕೊಂಡು ಬರ್ತಿದೆ, ಕಾಯೋಣ."
ಆಮೇಲೆ ನನ್ನ ಕಡೆ ತಿರುಗಿ:
"ಅವನೊಬ್ಬನ ತಟ್ಟೆ ಬದಲಾಯಿಸಬೇಡಿ. ಅಡುಗೆಮನೆ ಬದಲಾಯಿಸಿ."

ಮಕ್ಕಳ ಪ್ಯಾಂಟಿಗೆ ಕೆಳಗೆ ನಾಲ್ಕು ಬೆರಳು
ಒಳಮಡಿಕೆ ಬಿಟ್ಟೇ ಹೊಲಿಯುತ್ತೇವೆ.
ಬಟ್ಟೆಗೆ ಕೊಟ್ಟ ಸಬೂರಿ
ಮಗುವಿಗೆ ಕೊಟ್ಟಿರಲಿಲ್ಲ ನಾನು.

ಅತ್ತೆ ಎರಡು ದಿನ ಮುನಿಸಿಕೊಂಡರು,
ಮೂರನೆಯ ದಿನ ತಾವೇ ಹುರುಳಿ ಮೊಳಕೆ ಕಟ್ಟಿದರು.
ಶಟರ್ ಈಗ ಏಳಕ್ಕೇ. ಕೆಲವು ಗಿರಾಕಿ ಹೋದರು, ಹೋಗಲಿ.
ಫಾಲ್ ಹಾಕಿದ ಸೀರೆಗಳನ್ನು ಪೆನ್ಷನ್ ಮೊಹಲ್ಲಾಗೆ
ನಡೆದೇ ಕೊಟ್ಟುಬರುತ್ತೇವೆ ನಾವಿಬ್ಬರೂ,
ಏದುಸಿರು ನನ್ನದೇ ಜಾಸ್ತಿ.
ದಾರಿಯ ನಾಯಿಗಳಿಗೆಲ್ಲ ಅವನು ಹೆಸರಿಟ್ಟಿದ್ದಾನೆ.
ಕುಂಟ ನಾಯಿಯ ಹೆಸರು ಕಲೆಕ್ಟರ್.
ಒಂದಕ್ಕೂ ಮೈ ನೋಡಿ ಇಟ್ಟಿಲ್ಲ.

ಎಲ್ಲ ವಾರವೂ ಹೀಗಿರಲಿಲ್ಲ. ದೀಪಾವಳಿ ಪೂರಾ ಸೋತೆವು.
ಒಮ್ಮೆ ಮಿಷನ್ನಿನ ಡ್ರಾಯರಿನಲ್ಲಿ, ಬಾಬಿನ್ನುಗಳ ನಡುವೆ
ಅರ್ಧ ತಿಂದ ಬೆಣ್ಣೆ ಬನ್ನು.
ನೋಡಿದೆ. ಮುಚ್ಚಿದೆ.
ಕೂಗಲಿಲ್ಲ.

ಅಂಗಡಿಯಲ್ಲೂ ಈಗ ಅಳತೆ ಕೂಗುವುದಿಲ್ಲ,
ನಾನೇ ಬರೆದುಕೊಳ್ಳುತ್ತೇನೆ. ತಡವಾಗುತ್ತದೆ,
ಗಿರಿಜಮ್ಮನಿಗೆ ಸಿಟ್ಟು.

ಫೆಬ್ರವರಿಯಲ್ಲಿ ಪ್ಯಾಂಟು ಕಾಲ್ಗಿಣ್ಣು ಬಿಟ್ಟು ಮೇಲೆ ಬಂತು.
ಸೊಂಟ ಅಷ್ಟೇ ಇತ್ತು.
ಒಳಮಡಿಕೆ ಬಿಚ್ಚಿದೆ. ನೀರು ಚಿಮುಕಿಸಿ ಇಸ್ತ್ರಿ ತಿಕ್ಕಿದೆ,
ಮತ್ತೆ ತಿಕ್ಕಿದೆ.
ಹಳೆಯ ಮಡಿಕೆಯ ಗೆರೆ ಹೋಗಲಿಲ್ಲ.

"ಲೋಹಿತಾ" ಎಂದು ಕರೆದೆ, ಹಾಕಿ ನೋಡಲಿ ಅಂತ.
ಎರಡು ಸಲ ಕರೆಯಬೇಕಾಯಿತು,
ಬೇರೆ ಯಾರನ್ನೋ ಕರೆದೆನೆಂದು
ಬಾಗಿಲ ಕಡೆ ನೋಡುತ್ತಿದ್ದ.