ಆರನೇ ಖೋಲಿಗೆ ಬರಾವ್ರಿಗೆ

ಈ ಚೀಟಿ ಮೇಜಿನ ಎಡಗಡೆ ಖಾನೆದಾಗ ಇಟ್ಟೀನಿ.
ಬಲಗಡೇದು ತೆಗೀಲಿಕ್ಕೆ ಬರಂಗಿಲ್ಲ, ಜಗ್ಗಬ್ಯಾಡ್ರಿ.
ಖೋಲಿ ನಲವತ್ತೈದು ದಿನ ಅಂತ ಆರ್ಡರಿನಾಗ ಇರ್ತೈತಿ.
ನಾ ಎಪ್ಪತ್ತೊಂದು ದಿನ ಇದ್ದೆ.
ಅರ್ಜಿ ಮೂವತ್ತನೇ ದಿನಾನ ಕೊಡ್ರಿ,
ನಲವತ್ನಾಲ್ಕನೇ ದಿನ ಅಲ್ಲ.

ಗೀಸರ್ ಬಂದ್ ಮಾಡೇ ಜಳಕಕ್ಕ ಹೋಗ್ರಿ.
ಆರು ಗಂಟೆಕ್ಕ ಜವರಯ್ಯ ಟೀ ತರ್ತಾನ.
ನಾ ‘ಸಾಕ್ರಿ’ ಅಂದ್ರ ನಗ್ತಿದ್ದ.
ಈಗ ಅವನ ‘ಸಾಕ್ರಿ’ ಅಂತಾನ, ನಾ ‘ಸಾಕು ಬುಡಿ’ ಅಂತೀನಿ.

ಗಾಡಿ ತಂದಿದ್ರ ಮಳೆಮರದ ಕೆಳಗ ನಿಲ್ಲಿಸಬ್ಯಾಡ್ರಿ,
ಅಂಟು ಸೋರ್ತೈತಿ.
ನಂದು ಕೆಎ ಇಪ್ಪತ್ತೈದು, ಧಾರವಾಡದ ಹಳೇ ನಂಬರು.
ಪೊಲೀಸ್ರು ಮೊದಲ ನಂಬರ್ ನೋಡ್ತಾರ, ಆಮ್ಯಾಲ ಮಾರಿ.
ಆರ್‌ಸಿದಾಗ ಮೂವತ್ತು ದಿನದೊಳಗ ವಿಳಾಸ ಬದಲಿಸಬೇಕಂತ.
ವಿಳಾಸಕ್ಕ ಮನಿ ಬೇಕು. ಮನಿಗೆ ಕರಾರು ಬೇಕು.
ಕರಾರಿಗೆ ನಿಮ್ಮ ವಿಳಾಸ ಏನ್ರಿ ಅಂತ ಕೇಳ್ತಾರ.

ಸರ್ಕಲ್ಲು ಅಂದ್ರ ಇಂಥಾವು.
ಈ ಊರಾಗ ಭಾಳ ಅವ.
ಬಲಗಡಿಂದ ಬರೋರಿಗೆ ದಾರಿ ಬಿಡ್ರಿ, ಅಷ್ಟ ನಿಯಮ.
ಮೊದಲನೇ ಐತವಾರ ಹಾರ್ಡಿಂಜ್ ಸರ್ಕಲ್ ನಾಕು ಸುತ್ತು ಹೊಡದೆ,
ಹೊರಗ ಬೀಳೋ ಧೈರ್ಯ ಆಗಲಿಲ್ಲ.
ಐದನೇ ಸುತ್ತಿಗೆ ಟಾಂಗಾದಂವ ಒಬ್ಬಂವ ಕುದರಿ ನಿಲ್ಲಿಸಿ
ಕೈ ಮಾಡಿದ, ಹೋಗವ್ವ ಅಂದ.
ಎಲ್ಲಿಗೆ ಅಂತ ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ.

ಮಂಡ್ಯ ಕಡೆ ರಾತ್ರಿ ಹೋಗೂದಿದ್ರ
ಕಬ್ಬಿನ ಟ್ರ್ಯಾಕ್ಟರ್ ನೋಡಿಕೊಂಡು ಹೋಗ್ರಿ. ಹಿಂದ ಕೆಂಪು ದೀಪ ಇರಂಗಿಲ್ಲ,
ಕತ್ತಲಿನ ತುಂಡೊಂದು ನಡಕೊಂತ ಹೊಂಟಂಗ ಇರ್ತೈತಿ.
ಶ್ರೀರಂಗಪಟ್ಟಣ ದಾಟಿದ ಮ್ಯಾಲ ಒಂದು ಜಲ್ಲಿ ಬಂದು
ನನ್ನ ಮುಂದಿನ ಗಾಜು ಜ್ಯಾಡನ ಬಲಿ ಮಾಡ್ತು.
ಗಾಡಿ ಸರಿಸೂಕಿಂತ ಮೊದಲ ಫೋಟೋ ತಗೋರಿ,
ಅಲ್ಲೇ ನಿಂತು ಕಂಪನಿಗೆ ಫೋನ್ ಮಾಡ್ರಿ.
ಸಣ್ಣ ಖರ್ಚಿದ್ರ ಕ್ಲೇಮ್ ಬ್ಯಾಡ,
ನಾಕು ವರ್ಷದ ಬೋನಸ್ ಹೋಗ್ತೈತಿ, ಅಂದ ಏಜೆಂಟ್ ಫಯಾಜ್.
ಟ್ರ್ಯಾಕ್ಟರಿನ ಹುಡುಗ ಇಳದು ಬಂದಿದ್ದ.
‘ತಪ್ಪಾಯ್ತಕ್ಕ’ ಅಂತ ಒಂದು ಗಳಾ ಮುರದು ಕೊಟ್ಟ.
ಸರ್ವೆಯರ್ ಬರೋತನಕ ತಿಂದೆ.
ಫಾರ್ಮಿನಾಗ ಅದನ್ನ ಬರಿಯೂ ಜಾಗ ಇರಲಿಲ್ಲ.

ವಿಳಾಸ ತಿದ್ದೋ ಮುಂದ ಫಯಾಜ್ ಕೇಳಿದ,
ನಾಮಿನಿ ಅದೇ ಇರ್ಲಾ ಮೇಡಂ?
ಆರು ವರ್ಷ ಪಾಲಿಸಿ ಕೂಡ ತಾನೂ ರಿನ್ಯೂ ಆದ ಹೆಸರು ಅದು,
ಗದಗದಾಗ ಬ್ಯಾರೆ ಸಂಸಾರ ಹೂಡೈತಿ.
ನಾ ಸತ್ರ ಹದಿನೈದು ಲಕ್ಷ ಅದರ ಮನಿಗೆ.
ಹನ್ನೊಂದು ದಿನ ಆ ಗೆರಿ ಖಾಲಿ ಬಿಟ್ಟೆ.
ಆಮ್ಯಾಲ ಅಕ್ಕನ ಮಗಳನ್ನ ಬರದೆ.
ಹದಿನಾರು ಅಂದ್ರ ಸಣ್ಣಾಕಿ, ಇನ್ನೊಬ್ರ ಹೆಸರೂ ಬೇಕಂತ.
ಅಕ್ಕಗ ಫೋನ್ ಮಾಡಿದೆ, ಎರಡು ವರ್ಷದ ಮ್ಯಾಲ.
‘ಯಾಕ, ಆರಾಮ ಇಲ್ಲೇನು?’ ಅಂದ್ಲು.

ನೀವೂ ನಿಮ್ಮ ಕಾಗದ ತೆಗೆದು ಆ ಗೆರಿ ಒಮ್ಮೆ ಓದ್ರಿ.

ಮನಿ ನೋಡ್ಲಿಕ್ಕೆ ಮಧ್ಯಾಹ್ನ ಹೋಗ್ರಿ, ನೀರಿನ ನಳ ತಿರುವಿ ನೋಡ್ರಿ.
‘ಒಬ್ರೇನಾ?’ ಅಂತ ಕೇಳ್ತಾರ.
ನಾ ಮೊದಲ ಕಾರಣ ಹೇಳ್ತಿದ್ದೆ,
ಆಮ್ಯಾಲ ‘ಹೌದು’ ಅಂತಷ್ಟ ಹೇಳಿದೆ, ಮನಿ ಸಿಕ್ತು,
ರಾಮಕೃಷ್ಣನಗರದಾಗ, ಮಹಡಿ ಮ್ಯಾಲ.
ಕರಾರು ಹನ್ನೊಂದು ತಿಂಗಳದ್ದು.
ಬಿಡೂವಾಗ ಬಣ್ಣಕ್ಕಂತ ಒಂದು ತಿಂಗಳ ಬಾಡಿಗಿ ಹಿಡೀತಾರ,
ಹೊಗೋ ದಿನಾನ ಗೋಡಿ ಫೋಟೋ ತಗದಿಟ್ಕೋರಿ.
ಪದ್ಮಾಂಬ ಅವರು ಮೊಳಿ ಹೊಡಿಬ್ಯಾಡಿ ಅಂದಾರ.
ನನ್ನ ಕಡೆ ತೂಗು ಹಾಕೂವಂಥಾದ್ದು ಏನಿಲ್ಲ,
ಕ್ಯಾಲೆಂಡರ್ ಒಂದು ಬಿಟ್ಟು.

ಬಕೆಟ್ ನಂದು, ಬಿಟ್ಟೀನಿ. ಹಿಡಿಕಿ ಮುರದೈತಿ,
ಎರಡೂ ಕೈಲೆ ಎತ್ರಿ.
ಚಾವಿ ಜವರಯ್ಯನ ಕಡೆ ಐತಿ.

— ದಾಕ್ಷಾಯಣಿ ಬಾರಕೇರ,
ಲೆಕ್ಕಪತ್ರ ವಿಭಾಗ, ರೈಲ್ವೆ ವರ್ಕ್‌ಶಾಪ್, ಅಶೋಕಪುರಂ